ಹಳೆಯ ಕಾರು: ಕೊಂಡ ಬೆಲೆ ಮತ್ತು ಬಿದ್ದ ವೆಚ್ಚ

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಆದಾಯ ತೆರಿಗೆ ವಿವರಪಟ್ಟಿಗಳ ಕೆಲಸ ಆರಂಭವಾದೊಡನೆ ಹಳೇಬೀಡು ಸಮೀಪದ ಹುಲಿಕೆರೆಯಿಂದ ನನ್ನ ಕಚೇರಿಗೆ ಬರುವ ಕಕ್ಷಿದಾರರೊಬ್ಬರಿದ್ದಾರೆ. ಹೊಯ್ಸಳರ ಕಾಲದ ಮೆಟ್ಟಿಲು ಕಲ್ಯಾಣಿಯಿಂದಾಗಿ ಹೊರಗಿನವರಿಗೂ ಪರಿಚಿತವಾಗಿರುವ ಈ ಊರಿನಲ್ಲಿ ಅವರದು ಕೊಬ್ಬರಿ ಮತ್ತು ಮೆಕ್ಕೆಜೋಳದ ವ್ಯಾಪಾರ. ವಾರಕ್ಕೆರಡು ಬಾರಿಯಾದರೂ ಅರಸೀಕೆರೆಯ ಮಾರುಕಟ್ಟೆ, ಬೇಲೂರಿನ ಬ್ಯಾಂಕು, ತಿಂಗಳಿಗೊಮ್ಮೆ ಹಾಸನ ಎಂದು ಓಡಾಟವಿರುತ್ತದೆ. ಊರಿನವರು ಅವರನ್ನು ಗೌಡರೆಂದು ಕರೆಯುತ್ತಾರೆ. ಈ ಲೇಖನದಲ್ಲಿಯೂ ಅವರು ಗೌಡರೆಂದೇ ಇರಲಿ. 2022ರ ಜೂನ್‌ನಲ್ಲಿ ಅವರು ಕಚೇರಿಗೆ ಬಂದವರೇ, ಕುಳಿತುಕೊಳ್ಳುವ ಮೊದಲು ಹೇಳಿದ ಮಾತು ಇದು: "ಆಡಿಟರೇ, ಅರವತ್ತೆಂಟು ಸಾವಿರಕ್ಕೆ ಒಂದು ಕಾರು ತಂದೆ. ಈಗ ಒಂದು ಜೊತೆ ಒಳ್ಳೆ ಎತ್ತೂ ಆ ಬೆಲೆಗೆ ಬರಲ್ಲ."

ನಾನು ಕೇಳಿದ ಪ್ರಶ್ನೆಗಳು ಎರಡು. ಹಣ ಹೇಗೆ ಕೊಟ್ಟಿರಿ? ಆರ್.ಸಿ. ಪುಸ್ತಕ ಯಾರ ಹೆಸರಿನಲ್ಲಿದೆ? ಮೊದಲನೆಯದಕ್ಕೆ ಅವರು "ಕೈಲೇ ಕೊಟ್ಟೆ" ಎಂದರು. ಎರಡನೆಯದಕ್ಕೆ "ಅದು ನಿಧಾನಕ್ಕೆ ಆಗುತ್ತೆ" ಎಂದರು. ಎರಡು ಉತ್ತರಗಳೂ ನನಗೆ ಹಿತವಾಗಲಿಲ್ಲ. ಕಾರಣವನ್ನು ಮುಂದೆ ನಿವೇದಿಸುತ್ತೇನೆ. ಅಂದು ನಾನು ಅವರಿಂದ ಒಂದು ಮಾತು ಪಡೆದುಕೊಂಡೆ: ಕಾರಿಗೆಂದೇ ಒಂದು ನೂರು ಪುಟದ ಪುಸ್ತಕವಿಟ್ಟು, ಅದಕ್ಕೆ ಮಾಡಿದ ಪ್ರತಿಯೊಂದು ಖರ್ಚನ್ನೂ ದಿನಾಂಕ ಸಹಿತ ಬರೆಯತಕ್ಕದ್ದು. ಗೌಡರು ವಚನ ಪಾಲಿಸಿದರು. ಮೂರು ವರ್ಷಗಳ ಆ ಪುಸ್ತಕ ಇದೀಗ ನನ್ನ ಮುಂದಿದೆ. ಅವರ ಅನುಮತಿಯಿಂದ ಅದರ ಅಂಕಿಗಳನ್ನು ನಮ್ಮ ಸದಸ್ಯ ಬಾಂಧವರ ಮುಂದಿಡುತ್ತಿದ್ದೇನೆ. ಸಣ್ಣ ವರ್ತಕರಲ್ಲಿ ಅನೇಕರು ಇಂಥ ಕಾರನ್ನೇ ಕೊಳ್ಳುವವರಾದುದರಿಂದ ಇದು ಉಪಯುಕ್ತವಾದೀತೆಂಬ ಭಾವನೆ ನನ್ನದು.

ಕಾರು 2007ರ ಡಿಸೆಂಬರಿನಲ್ಲಿ ನೋಂದಣಿಯಾದ ಮಾರುತಿ 800. ಈ ಕಾರಿನ ಪರಿಚಯ ಹೇಳಬೇಕಾದ ಅಗತ್ಯವೇನೂ ಇಲ್ಲ. 1983ರ ಡಿಸೆಂಬರ್ 14ರಂದು ಮೊದಲ ಕಾರಿನ ಕೀಲಿಕೈಯನ್ನು ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ದೆಹಲಿಯ ಗ್ರಾಹಕರೊಬ್ಬರಿಗೆ ಹಸ್ತಾಂತರಿಸಿದ್ದರು. 2010ರಲ್ಲಿ ಭಾರತ್ ಹಂತ 4ರ ಮಾಲಿನ್ಯ ನಿಯಮ ಜಾರಿಗೆ ಬಂದ 13 ನಗರಗಳಲ್ಲಿ ಇದರ ಮಾರಾಟ ನಿಂತಿತು. 2014ರ ಜನವರಿಯಲ್ಲಿ ತಯಾರಿಕೆಯೇ ಮುಕ್ತಾಯವಾಯಿತು. ಆದರೂ 796 ಸಿ.ಸಿ.ಯ ಈ ಮೂರು ಸಿಲಿಂಡರಿನ ಎಂಜಿನ್ನನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಇಲ್ಲದ ಹೋಬಳಿ ಕೇಂದ್ರ ನಮ್ಮ ಸೀಮೆಯಲ್ಲಿ ಇಲ್ಲವೆಂದೇ ಹೇಳಬಹುದು. ಹಳೆಯ ಕಾರು ಕೊಳ್ಳುವವನಿಗೆ ಇದಕ್ಕಿಂತ ದೊಡ್ಡ ಅನುಕೂಲ ಮತ್ತೊಂದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಷವರ್ಲೆ ಕಾರುಗಳ ಮಾರಾಟ ನಮ್ಮ ದೇಶದಲ್ಲಿ 2017ರ ಅಂತ್ಯಕ್ಕೆ ನಿಂತಿತು. ಫೋರ್ಡ್ ಕಂಪನಿ 2021ರ ಸೆಪ್ಟೆಂಬರಿನಲ್ಲಿ ಇಲ್ಲಿನ ತಯಾರಿಕೆಯನ್ನು ಕೈಬಿಡುವುದಾಗಿ ಪ್ರಕಟಿಸಿತು. ಡಟ್ಸನ್ 2022ರಲ್ಲಿ ನಿಂತಿತು. ಈ ಕಾರುಗಳು ಕೆಟ್ಟವೆಂದಲ್ಲ. ಆದರೆ ಒಂದು ದೀಪದ ಗಾಜಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿಬರುವ ಬಸ್ ದರವೂ ಒಂದು ಖರ್ಚೆಂಬುದನ್ನು ಮರೆಯಲಾಗದು.

ನೀರಿನಿಂದ ಬಂದ ನಷ್ಟ

ಪುಸ್ತಕದ ಮೊದಲ ದೊಡ್ಡ ಬಾಬ್ತು ಆಗಸ್ಟ್ ತಿಂಗಳಿನದು. ಹಾಸನಕ್ಕೆ ಹೊರಟ ಗೌಡರ ಕಾರಿನ ಉಷ್ಣತೆಯ ಮುಳ್ಳು ಅರ್ಧ ದಾರಿಯಲ್ಲಿಯೇ ಕೆಂಪು ಗೆರೆಯನ್ನು ಮುಟ್ಟಿತು. ಬಾನೆಟ್ ತೆರೆದು, ತಣ್ಣಗಾಗಲು ಬಿಟ್ಟು, ನೀರು ಸುರಿದು, ಮತ್ತೆ ಹತ್ತು ಕಿಲೋಮೀಟರ್ ಸಾಗಿ, ಮತ್ತೆ ನಿಂತು, ಹೀಗೆ ಹೇಗೋ ಊರು ತಲಪಿದರು. ಮರುದಿನ ಗ್ಯಾರೇಜಿನಲ್ಲಿ ಎಂಜಿನ್ ಆಯಿಲ್‌ನ ಕಡ್ಡಿಯನ್ನು ಎಳೆದು ನೋಡಿದರೆ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿ, ನೀರು ಎಣ್ಣೆಯೊಳಗೆ ಸೇರಿದ್ದರ ಲಕ್ಷಣವದು.

ಮೂಲ ದೋಷ ಎಂಜಿನ್ನಿನದಲ್ಲ. ಅರಸೀಕೆರೆ, ಬಾಣಾವರ, ಜಾವಗಲ್ ಕಡೆಯ ಕೊಳವೆಬಾವಿಗಳ ನೀರು ಗಡಸಾದುದೆಂಬುದು ಮನೆಯ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪದರವನ್ನು ಕಂಡ ಗೃಹಿಣಿಯರೆಲ್ಲರಿಗೂ ತಿಳಿದ ವಿಷಯ. ಅದೇ ಪದರ ರೇಡಿಯೇಟರಿನ ಸಣ್ಣ ನಾಳಗಳಲ್ಲಿಯೂ ಕಟ್ಟುತ್ತದೆ. ಹಿಂದಿನ ಮಾಲೀಕರು ಕೂಲಂಟಿನ ದ್ರವಕ್ಕೆ ಬದಲಾಗಿ ಹತ್ತು ವರ್ಷವೂ ನಲ್ಲಿಯ ನೀರನ್ನೇ ತುಂಬಿದ್ದರು. ರೇಡಿಯೇಟರಿನ ಅರ್ಧ ಭಾಗ ಮುಚ್ಚಿಹೋಗಿತ್ತು. ಕಾರು ಕಾಯತೊಡಗಿದಾಗ ಯಾವನೋ ಮೆಕ್ಯಾನಿಕ್ ಥರ್ಮೋಸ್ಟಾಟನ್ನೇ ಕಿತ್ತುಹಾಕಿ ತಾತ್ಕಾಲಿಕ ಪರಿಹಾರ ಮಾಡಿದ್ದ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬೆಳಗಿನ ಹೊತ್ತು ಸರಿಯಾಗಿ ಬಿಸಿಯೇರದೆ ಪೆಟ್ರೋಲನ್ನು ಹೆಚ್ಚಾಗಿ ಕುಡಿಯುತ್ತದೆ. ರೋಗ ಅಡಗಿರುತ್ತದೆ, ವಾಸಿಯಾಗಿರುವುದಿಲ್ಲ. ಕೊಳ್ಳುವ ದಿನ ಗೌಡರು ಕಾರನ್ನು ಊರ ಸುತ್ತ ನಾಲ್ಕು ಕಿಲೋಮೀಟರ್ ಮಾತ್ರ ಓಡಿಸಿ ನೋಡಿದ್ದರು. ಅಷ್ಟು ದೂರಕ್ಕೆ ಯಾವ ಕಾರೂ ಕಾಯುವುದಿಲ್ಲ.

ರೇಡಿಯೇಟರ್, ಹೋಸ್ ಪೈಪುಗಳು, ಥರ್ಮೋಸ್ಟಾಟ್ ಮತ್ತು ಕೂಲಂಟಿಗೆ ರೂ. 5,600, ಹೆಡ್ ಕೆಲಸ, ವಾಟರ್ ಪಂಪ್, ಟೈಮಿಂಗ್ ಬೆಲ್ಟ್ ಮತ್ತು ಎಣ್ಣೆ ಬದಲಾವಣೆಗೆ ರೂ. 11,500. ಟೈಮಿಂಗ್ ಬೆಲ್ಟನ್ನು ಇದೇ ಸಂದರ್ಭದಲ್ಲಿ ಬದಲಿಸಿದ್ದು ವಿವೇಕ. 800, ಝೆನ್, ಹಳೆಯ ಆಲ್ಟೊ, ಸ್ಯಾಂಟ್ರೊ ಇವೆಲ್ಲವುಗಳಲ್ಲಿಯೂ ರಬ್ಬರಿನ ಬೆಲ್ಟೇ ಇರುವುದು. ಅದು ಹೊರಗಿನಿಂದ ಕಾಣುವುದಿಲ್ಲ, ಸದ್ದು ಮಾಡುವುದಿಲ್ಲ, ಕಡಿಯುವ ದಿನ ಮುನ್ಸೂಚನೆ ಕೊಡುವುದಿಲ್ಲ. ಬದಲಿಸಿದ ಬಗ್ಗೆ ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲವೆಂದೇ ಭಾವಿಸಿ ಕೊಳ್ಳುವ ಬೆಲೆಯಲ್ಲಿ ಅಷ್ಟನ್ನು ಕಡಿಮೆ ಮಾಡಿಸಬೇಕು.

ಗೊಬ್ಬರದ ಚೀಲ, ಉಗ್ರಾಣದ ಇಲಿ

ಎರಡನೆಯ ಬಾಬ್ತು ತುಕ್ಕಿನದು. ಬೇಲೂರು, ಸಕಲೇಶಪುರದ ಕಾಫಿ ಸೀಮೆಯಲ್ಲಿ ಓಡಿದ ಕಾರುಗಳಿಗೆ ಮಳೆಯಿಂದ ತುಕ್ಕು ಹಿಡಿಯುವುದು ಸಹಜ. ಬಾಗಿಲಿನ ಕೆಳ ಅಂಚು, ಬ್ಯಾಟರಿಯ ಕೆಳಗಿನ ತಟ್ಟೆ, ಚಕ್ರದ ಮೇಲಿನ ಕಮಾನು, ಇವುಗಳಲ್ಲಿ ಮೊದಲು ಕಾಣಿಸುತ್ತದೆ. ಆದರೆ ನಮ್ಮ ಬಯಲುಸೀಮೆಯ ಭಾಗದಲ್ಲಿ ಮಳೆ ಕಡಿಮೆಯಾದರೂ ಕಾರಿನ ತಳ ಮಾತ್ರ ತೂತಾಗಿರುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಕಾರಣ ರಸಗೊಬ್ಬರ. ಹಿಂದಿನ ಸೀಟನ್ನು ಮಡಚಿ ಎರಡು ಚೀಲ ಯೂರಿಯಾ, ಒಂದು ಚೀಲ ಪೊಟ್ಯಾಷ್ ಹೇರಿಕೊಂಡು ತೋಟಕ್ಕೆ ಹೋಗುವ ರೂಢಿ ನಮ್ಮಲ್ಲಿದೆ. ಚೀಲದಿಂದ ಸೋರಿದ ಹರಳುಗಳು ಮ್ಯಾಟಿನ ಕೆಳಗೆ ಸೇರಿ, ಗಾಳಿಯ ತೇವವನ್ನು ಹೀರಿ, ತಗಡನ್ನು ಮೆಲ್ಲನೆ ತಿನ್ನುತ್ತವೆ. ಮೇಲಿನ ಬಣ್ಣ ಹೊಳೆಯುತ್ತಿರುತ್ತದೆ. ಕೊಳ್ಳುವವರು ಮಾರುವವರ ಮುಖ ನೋಡದೆ ಮ್ಯಾಟನ್ನು ಎತ್ತಿ, ತಳವನ್ನು ಬೆರಳಿನಿಂದ ಒತ್ತಿ ನೋಡಬೇಕು. ಇದರಲ್ಲಿ ಸಂಕೋಚ ಸಲ್ಲದು.

ಗೌಡರ ಕಾರಿನ ತಳದ ಸ್ಥಿತಿ ಬಯಲಾದದ್ದು 2022ರ ಡಿಸೆಂಬರಿನಲ್ಲಿ, ನೋಂದಣಿಯ ನವೀಕರಣಕ್ಕೆ ಕಾರನ್ನು ಒಯ್ಯುವ ಮುನ್ನ. ಖಾಸಗಿ ಕಾರಿನ ನೋಂದಣಿಗೆ 15 ವರ್ಷಗಳ ಆಯುಸ್ಸು. ಅನಂತರ ಪರಿಶೀಲನೆಗೆ ಒಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಈ ನವೀಕರಣ ಶುಲ್ಕ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ 5,000 ರೂಪಾಯಿ ಆಯಿತು. 2025ರ ಆಗಸ್ಟ್‌ನಲ್ಲಿ ಹೊರಟ ಅಧಿಸೂಚನೆಯಂತೆ 20 ವರ್ಷ ಮೀರಿದ ಕಾರಿಗೆ ಅದು 10,000 ರೂಪಾಯಿ. ತಡಮಾಡಿದರೆ ತಿಂಗಳಿಗೆ 500 ರೂಪಾಯಿಯಂತೆ ದಂಡ ಏರುತ್ತದೆ. ಹದಿನಾಲ್ಕೂವರೆ ವರ್ಷದ ಕಾರು ಅಗ್ಗವಾಗಿ ಸಿಗುವುದೇಕೆಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಮಾರುವವರು ಆ ಖರ್ಚನ್ನು ನಮ್ಮ ಹೆಗಲಿಗೆ ದಾಟಿಸುತ್ತಿರುತ್ತಾರೆ. ತಳಕ್ಕೆ ತಗಡು ಬೆಸೆದು, ಟಿಂಕರಿಂಗ್ ಮಾಡಿ, ಬಣ್ಣ ಹೊಡೆಸಲು ರೂ. 14,000, ಶುಲ್ಕ, ಹಸಿರು ತೆರಿಗೆ, ಓಡಾಟ ಸೇರಿ ರೂ. 7,500.

ಇಲಿಯ ವಿಚಾರ ಸ್ವಲ್ಪದರಲ್ಲಿ ಹೇಳಿ ಮುಗಿಸುತ್ತೇನೆ. ಗೌಡರು ಕಾರನ್ನು ನಿಲ್ಲಿಸುತ್ತಿದ್ದುದು ಕೊಬ್ಬರಿ ಉಗ್ರಾಣದಲ್ಲಿ. ಕೊಬ್ಬರಿಯ ವಾಸನೆಗೆ ಬಂದ ಇಲಿಗಳು ಕಾರಿನ ವೈರುಗಳನ್ನೂ ರುಚಿ ನೋಡಿದವು. ರೂ. 4,800. ಅಂದಿನಿಂದ ಕಾರು ಅಂಗಳದ ಹುಣಸೆಮರದ ಕೆಳಗೆ ನಿಂತಿತು.

ಟಯರುಗಳ ವಿಷಯದಲ್ಲಿ ಒಂದು ಸೂಚನೆ. ಹಳೆಯ ಕಾರಿನ ಟಯರಿನ ಮೇಲೆ ಗೀರುಗಳು ಆಳವಾಗಿ ಕಂಡಮಾತ್ರಕ್ಕೆ ಅದು ಒಳ್ಳೆಯದೆಂದು ತಿಳಿಯಬಾರದು. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ಗೌಡರ ಕಾರಿನ ಒಂದು ಟಯರಿನಲ್ಲಿ 3112 ಎಂದಿತ್ತು. ಅಂದರೆ 2012ರ ಜುಲೈ ಅಂತ್ಯದ ಸುಮಾರಿಗೆ ತಯಾರಾದದ್ದು; ಹತ್ತು ವರ್ಷ ಬಿಸಿಲು ಕುಡಿದು ರಬ್ಬರು ಮರದಂತಾಗಿತ್ತು. ನಾಲ್ಕಕ್ಕೆ ರೂ. 11,200 ತೆತ್ತರು. ಬ್ಯಾಟರಿಗೆ ರೂ. 3,700.

ಲೆಕ್ಕ

ಮೊದಲ ವರ್ಷದ ಬಾಬ್ತುಗಳಿಗೆ ಹೆಸರು ವರ್ಗಾವಣೆಯ ರೂ. 2,500 ಮತ್ತು ವಿಮೆಯ ರೂ. 2,900 ಸೇರಿಸಿದರೆ ಪೆಟ್ರೋಲ್ ಹೊರತಾಗಿ ರೂ. 58,900 ಆಗುತ್ತದೆ. ಕೊಂಡ ಬೆಲೆ ರೂ. 68,000. ಅಂದರೆ ಕಾರು ನಿಜವಾಗಿ ಬಂದದ್ದು ರೂ. 1,26,900ಕ್ಕೆ, ಒಂದು ಜೊತೆ ಎತ್ತಿನ ಬೆಲೆಗೇ. ಎರಡನೆಯ ವರ್ಷ ಕ್ಲಚ್, ಮುಂಭಾಗದ ಬುಷ್ ಮತ್ತು ಟೈ ರಾಡ್, ಆಕ್ಸಲ್ಲಿನ ರಬ್ಬರ್ ಬೂಟು, ಸರ್ವಿಸ್, ವಿಮೆ ಸೇರಿ ರೂ. 16,500. ಮೂರನೆಯ ವರ್ಷ ಇಲಿಯ ಖರ್ಚು, ಪೆಟ್ರೋಲ್ ಪಂಪ್, ಬ್ರೇಕ್, ಸರ್ವಿಸ್, ವಿಮೆ ಸೇರಿ ರೂ. 17,500. ಗಮನಿಸಬೇಕಾದ ಅಂಶವೆಂದರೆ, ಮೊದಲ ವರ್ಷ ಕಾರು ಹಿಂದಿನ ಮಾಲೀಕರ ಉಪೇಕ್ಷೆಯ ಸಾಲವನ್ನು ತೀರಿಸಿಕೊಂಡಿತು. ಮುಂದಿನ ಎರಡು ವರ್ಷಗಳಲ್ಲಿ ಅದು ತನ್ನ ನಿಜವಾದ ಖರ್ಚಿಗೆ ಇಳಿಯಿತು. ಮೊದಲ ವರ್ಷದ ಬಿಲ್ಲುಗಳನ್ನು ಕಂಡು ಬೇಸರಿಸಿ, ಎಲ್ಲ ರಿಪೇರಿಯೂ ಆದಮೇಲೆ ಕಾರನ್ನು ಮಾರಿಬಿಡುವವರು ಅನೇಕರಿದ್ದಾರೆ. ಲೆಕ್ಕದ ದೃಷ್ಟಿಯಿಂದ ಅದಕ್ಕಿಂತ ಕೆಟ್ಟ ವ್ಯವಹಾರವಿಲ್ಲ.

ಮೂರು ವರ್ಷಗಳಲ್ಲಿ ಕಾರು ಓಡಿದ್ದು 21,000 ಕಿ.ಮೀ. ಲೀಟರಿಗೆ ಸರಾಸರಿ 15 ಕಿ.ಮೀ.ಯಂತೆ 1,400 ಲೀಟರ್. ಲೀಟರಿಗೆ 102 ರೂಪಾಯಿಯಂತೆ ರೂ. 1,42,800. 2025ರ ಜುಲೈ ಮೊದಲ ವಾರದಲ್ಲಿ ಕಾರನ್ನು ರೂ. 45,000ಕ್ಕೆ ಮಾರಿದರು, ಬೆಲೆಯಲ್ಲಿನ ಇಳಿತ ರೂ. 23,000. ಒಟ್ಟು ವೆಚ್ಚ ರೂ. 2,58,700. ಕಿಲೋಮೀಟರಿಗೆ 12 ರೂಪಾಯಿ 32 ಪೈಸೆ.

ಇಷ್ಟಕ್ಕೆ ಲೆಕ್ಕ ಮುಗಿಯಿತೆಂದು ಗೌಡರು ಪುಸ್ತಕ ಮುಚ್ಚಿದರು. ಕಾರು ಗ್ಯಾರೇಜಿನಲ್ಲಿದ್ದ ದಿನಗಳಲ್ಲಿ ಮಾರುಕಟ್ಟೆಗೆ ಹೇಗೆ ಹೋದಿರಿ ಎಂದು ಕೇಳಿದೆ. ಒಂಬತ್ತು ಸಲ ಹಳೇಬೀಡಿನಿಂದ ಬಾಡಿಗೆ ಕಾರು ತರಿಸಿದ್ದರು, ಸಲಕ್ಕೆ 1,800 ರೂಪಾಯಿಯಂತೆ. ಆ ಹಣ ವ್ಯಾಪಾರದ ಇತರೆ ಖರ್ಚಿನಲ್ಲಿ ಸೇರಿಹೋಗಿತ್ತು. ಅದನ್ನೂ ಸೇರಿಸಿದರೆ ಒಟ್ಟು ರೂ. 2,74,900, ಕಿಲೋಮೀಟರಿಗೆ 13 ರೂಪಾಯಿ 9 ಪೈಸೆ.

ಹೊಸ ಕಾರಾಗಿದ್ದರೆ? ರಸ್ತೆಗಿಳಿಯುವ ಹೊತ್ತಿಗೆ 5 ಲಕ್ಷ ರೂಪಾಯಿಯಾದ ಸಣ್ಣ ಕಾರನ್ನು ಮೂರು ವರ್ಷದ ನಂತರ 3,30,000ಕ್ಕೆ ಮಾರಿದರೆಂದು ಊಹಿಸೋಣ. ಇಳಿತ 1,70,000, ವಿಮೆ 40,000, ಸರ್ವಿಸ್ 20,000, ಲೀಟರಿಗೆ 20 ಕಿ.ಮೀ.ಯಂತೆ ಪೆಟ್ರೋಲ್ 1,07,100. ಒಟ್ಟು ರೂ. 3,37,100. ಹಳೆಯ ಕಾರಿಗಿಂತ 62,200 ಹೆಚ್ಚು. ಹೂಡಿದ ಹಣದ ಮೇಲೆ ಶೇಕಡ 8ರ ಬಡ್ಡಿ ಹಿಡಿದರೆ ಹೊಸ ಕಾರಿಗೆ 1,20,000, ಹಳೆಯದಕ್ಕೆ 16,320. ಅಂತರ ಇನ್ನೂ ಹಿಗ್ಗುತ್ತದೆ. ಹೀಗೆ, ಇಷ್ಟೆಲ್ಲ ತೊಂದರೆ ಕೊಟ್ಟ ಹಳೆಯ ಕಾರೇ ಅಂಕಿಗಳಲ್ಲಿ ಗೆದ್ದಿತು. ಇದನ್ನು ನಾನು ಪ್ರಾಮಾಣಿಕವಾಗಿ ಒಪ್ಪಬೇಕು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇಕಡ 28ರಿಂದ 18ಕ್ಕೆ ಇಳಿದು, ಮೇಲಿನ ಸೆಸ್ಸೂ ಹೋದುದರಿಂದ ಈ ಅಂತರ ಕಿರಿದಾಗಿದೆ. ಹಳೆಯ ಕಾರಿನ ಬೆಲೆ ಚೌಕಾಸಿ ಮಾಡುವವರು ಈ ಇಳಿಕೆಯನ್ನು ಮಾರುವವರಿಗೆ ನೆನಪಿಸಬೇಕು.

ಅಂಕಿಗಳಲ್ಲಿ ಬಾರದ ವಿಚಾರವೊಂದಿದೆ. ಆ ಕಾರಿನಲ್ಲಿ ಗಾಳಿಚೀಲವಿರಲಿಲ್ಲ, ಚಕ್ರ ಕಚ್ಚಿ ಜಾರದಂತೆ ತಡೆಯುವ ಎ.ಬಿ.ಎಸ್. ಇರಲಿಲ್ಲ. ಎ.ಬಿ.ಎಸ್. ಎಲ್ಲ ಕಾರುಗಳಿಗೆ ಕಡ್ಡಾಯವಾದದ್ದು 2019ರಲ್ಲಿ. ಮುಂದಿನ ಎರಡು ಸೀಟುಗಳ ಗಾಳಿಚೀಲ ಎಲ್ಲ ಕಾರುಗಳಿಗೆ ಬಂದದ್ದು 2022ರ ಹೊಸವರ್ಷದಿಂದ. ಗೌಡರ ಸೊಸೆ ಮಗುವಿನೊಂದಿಗೆ ಚಾರ್ಮಾಡಿ ಘಾಟಿಯ ಮೂಲಕ ತವರಿಗೆ ಹೋಗುವಾಗಲೆಲ್ಲ ಬಾಡಿಗೆಯ ದೊಡ್ಡ ಗಾಡಿಯಲ್ಲಿಯೇ ಕಳುಹಿಸುತ್ತಿದ್ದರು. ಅದಕ್ಕೆ ಅವರು ಲೆಕ್ಕ ಇಡಲಿಲ್ಲ, ನಾನೂ ಕೇಳಲಿಲ್ಲ.

ಎಥನಾಲ್ ಬೆರೆತ ಪೆಟ್ರೋಲಿನ ಬಗ್ಗೆ ಅನೇಕರು ವಿಚಾರಿಸುತ್ತಿದ್ದಾರೆ. ಶೇಕಡ 20ರ ಮಿಶ್ರಣ ಈಗ ಎಲ್ಲ ಬಂಕುಗಳಲ್ಲಿಯೂ ಬಂದಿದೆ. ಹಳೆಯ ವಿನ್ಯಾಸದ ಕಾರುಗಳಲ್ಲಿ ಮೈಲೇಜು ಶೇಕಡ 6ರಿಂದ 7ರಷ್ಟು ಕುಗ್ಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಹಳೆಯ ರಬ್ಬರ್ ನಳಿಕೆ ಮತ್ತು ಗ್ಯಾಸ್ಕೆಟುಗಳನ್ನು ಕಾಲಕಾಲಕ್ಕೆ ಬದಲಿಸಬೇಕಾದೀತು, ದೊಡ್ಡ ಖರ್ಚಲ್ಲ. ಆದರೆ ಎಂಜಿನ್ನಿನ ಬಳಿ ಪೆಟ್ರೋಲಿನ ವಾಸನೆ ಬಂದರೆ ಒಂದು ದಿನವೂ ತಡಮಾಡಬಾರದು.

ಹೆಸರು ಯಾರದು?

ಇನ್ನು ಆರ್.ಸಿ. ಪುಸ್ತಕದ ವಿಷಯ. ಗೌಡರನ್ನು ನಾನು ಅಷ್ಟು ಒತ್ತಾಯಿಸಿದ್ದಕ್ಕೆ ಕಾರಣವೊಂದಿದೆ, ಅದನ್ನು ಹೇಳಿಕೊಳ್ಳಲು ನನಗೆ ಸಂತೋಷವೇನೂ ಇಲ್ಲ.

ಅರಸೀಕೆರೆಯ ಜವಳಿ ವರ್ತಕರೊಬ್ಬರು 2012ರಲ್ಲಿ ತಮ್ಮ ಝೆನ್ ಕಾರನ್ನು ದಲ್ಲಾಳಿಯೊಬ್ಬರಿಗೆ ರೂ. 82,000ಕ್ಕೆ ಮಾರಿದರು. ಛಾಪಾ ಕಾಗದದ ಮೇಲೆ ರಸೀದಿ ಬರೆಸಿಕೊಂಡರು. ನಮೂನೆ 29 ಮತ್ತು 30ಕ್ಕೆ ಖಾಲಿಯಾಗಿಯೇ ಸಹಿ ಹಾಕಿಕೊಟ್ಟರು. ವರ್ಷಾಂತ್ಯದ ಲೆಕ್ಕದ ವೇಳೆ ಅವರು ರಸೀದಿಯನ್ನು ನನಗೆ ತೋರಿಸಿ, ಇಷ್ಟು ಸಾಕೇ ಎಂದು ಕೇಳಿದರು. ನಾನು ಲೆಕ್ಕಪುಸ್ತಕದ ದೃಷ್ಟಿಯಿಂದ ಮಾತ್ರ ನೋಡಿ, ರಸೀದಿ ಇದೆಯಲ್ಲ, ಸಾಕು ಎಂದೆ. ಕಾರು ದಲ್ಲಾಳಿಯಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಹೋಯಿತು. ಯಾರೂ ಹೆಸರು ಬದಲಿಸಲಿಲ್ಲ, ಕೊನೆಗೆ ವಿಮೆಯನ್ನೂ ಕಟ್ಟಲಿಲ್ಲ. 2016ರಲ್ಲಿ ಆ ಕಾರು ದ್ವಿಚಕ್ರ ವಾಹನ ಸವಾರನೊಬ್ಬನಿಗೆ ಬಡಿದು, ಆತನ ಕಾಲು ಹೋಯಿತು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ನೋಟೀಸು ಬಂದದ್ದು ಜವಳಿ ಅಂಗಡಿಯ ವಿಳಾಸಕ್ಕೆ.

ಆಗಲೂ ನಾವು ರಸೀದಿಯನ್ನು ನಂಬಿದ್ದೆವು. 2018ರ ಫೆಬ್ರವರಿ 6ರಂದು ಸರ್ವೋಚ್ಚ ನ್ಯಾಯಾಲಯ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಣ ಪ್ರಕರಣದಲ್ಲಿ ತೀರ್ಪಿತ್ತಿತು. ಅಲ್ಲಿಯೂ 2007ರಲ್ಲಿ ಮಾರಿದ ಕಾರು ಹಲವು ಕೈ ದಾಟಿ 2009ರಲ್ಲಿ ಅಪಘಾತಕ್ಕೆ ಕಾರಣವಾಗಿತ್ತು. ನೋಂದಣಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಕಾಯ್ದೆಯ ದೃಷ್ಟಿಯಲ್ಲಿ ಮಾಲೀಕರು, ಪರಿಹಾರದ ಹೊಣೆ ಅವರದೇ. ಗಾಯಗೊಂಡವರು ಖರೀದಿದಾರರ ಸರಪಣಿಯನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ ಎಂಬುದು ಆ ತೀರ್ಪಿನ ಸಾರ. ಗಾಯಾಳುವಿನ ಕಡೆಯಿಂದ ನೋಡಿದರೆ ಅದು ನ್ಯಾಯವೇ. ನಮ್ಮ ವರ್ತಕರು ಲೋಕ ಅದಾಲತ್ತಿನಲ್ಲಿ ರೂ. 2,40,000ಕ್ಕೆ ರಾಜಿ ಮಾಡಿಕೊಂಡರು. ಮಾರಿದ ಬೆಲೆಯ ಸುಮಾರು ಮೂರು ಪಟ್ಟು. ಅವರು ನನ್ನನ್ನು ಒಂದು ಮಾತೂ ಆಡಲಿಲ್ಲ. ಇಂದಿಗೂ ನನ್ನ ಕಕ್ಷಿದಾರರೇ.

ಆದುದರಿಂದ ವಿಧಿವತ್ತಾದ ಕ್ರಮವನ್ನು ತಿಳಿಸುತ್ತೇನೆ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ನಮೂನೆಗಳನ್ನು ಪೂರ್ಣವಾಗಿ ತುಂಬಿಸಿಯೇ ಸಹಿ ಹಾಕಬೇಕು. ಬ್ಯಾಂಕಿನ ಸಾಲ ತೀರಿದ್ದರೂ ಆರ್.ಸಿ.ಯಲ್ಲಿ ಅಡಮಾನದ ನಮೂದು ಉಳಿದಿದ್ದರೆ ನಮೂನೆ 35ರ ಮೂಲಕ ಮೊದಲು ಅದನ್ನು ತೆಗೆಸಬೇಕು. ಮಾರಿದವರು ತಮ್ಮ ಫಾಸ್ಟ್ಯಾಗನ್ನು ಮುಚ್ಚಿಸಬೇಕು. ಹೆಸರು ಬದಲಾಗಿರುವುದನ್ನು ಸಾರಿಗೆ ಇಲಾಖೆಯ ಜಾಲತಾಣದಲ್ಲಿ ಕಣ್ಣಾರೆ ನೋಡುವ ತನಕ ಹಳೆಯ ವಿಮೆಯನ್ನು ಬಿಡಬಾರದು. ಹೊರರಾಜ್ಯದ ಅಗ್ಗದ ಕಾರನ್ನು ತರುವವರು ನಿರಾಕ್ಷೇಪಣಾ ಪತ್ರದ ಜೊತೆಗೆ ಕರ್ನಾಟಕದ ಜೀವಿತಾವಧಿ ತೆರಿಗೆಯನ್ನೂ ಬೆಲೆಗೆ ಸೇರಿಸಿ ನೋಡಿಕೊಳ್ಳಲಿ.

ವಿಮೆಯಲ್ಲಿ ಜನರು ತಪ್ಪು ತಿಳಿಯುವ ಅಂಶಗಳು ಎರಡು. ಕಾರಿನೊಡನೆ ವಿಮೆ ತಾನಾಗಿ ವರ್ಗವಾಗುವುದು ಮೂರನೆಯವರ ಹಾನಿಯ ಭಾಗ ಮಾತ್ರ. ಸ್ವಂತ ಹಾನಿಯ ಭಾಗಕ್ಕೆ ಕೊಂಡವರು 14 ದಿನಗಳೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಮತ್ತು ಕ್ಲೇಮು ಮಾಡದ್ದಕ್ಕೆ ಸಿಗುವ ರಿಯಾಯಿತಿ, ಶೇಕಡ 50ರವರೆಗೆ ಏರುವಂಥದು, ವ್ಯಕ್ತಿಗೆ ಸೇರಿದ್ದೇ ಹೊರತು ಕಾರಿಗಲ್ಲ. ಮಾರಿದವರು ಅದನ್ನು ತಮ್ಮ ಮುಂದಿನ ಕಾರಿಗೆ ಒಯ್ಯಬಹುದು. 1000 ಸಿ.ಸಿ. ಮೀರದ ಖಾಸಗಿ ಕಾರಿನ ಮೂರನೆಯವರ ವಿಮೆಗೆ 2022ರ ಜೂನ್ 1ರಿಂದ ಜಾರಿಗೆ ಬಂದ ದರ ರೂ. 2,094, ಶೇಕಡ 18ರ ತೆರಿಗೆ ಸೇರಿ ರೂ. 2,471. ಗೌಡರು ಇದರ ಜೊತೆಗೆ ಮಾಲೀಕ ಚಾಲಕರ ವೈಯಕ್ತಿಕ ಅಪಘಾತ ರಕ್ಷಣೆಯನ್ನು ಮಾತ್ರ ಪಡೆದು, ಸ್ವಂತ ಹಾನಿಯ ವಿಮೆ ಬಿಟ್ಟರು. ಅಷ್ಟು ಹಳೆಯ ಕಾರಿಗೆ ಅದು ತಪ್ಪಲ್ಲ. ಸ್ವಂತ ಹಾನಿಯ ಕ್ಲೇಮಿನಲ್ಲಿ ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೂ, ಹತ್ತು ವರ್ಷ ದಾಟಿದ ಲೋಹದ ಭಾಗಗಳಿಗೂ ಅರ್ಧ ಬೆಲೆಯನ್ನೇ ಕಳೆಯುತ್ತಾರೆ.

ನಗದಿನ ದಂಡ

ಇನ್ನು "ಕೈಲೇ ಕೊಟ್ಟೆ" ಎಂಬ ಉತ್ತರ. ವ್ಯಾಪಾರಕ್ಕೆ ಬಳಸುವ ಕಾರು, ಹಳೆಯದಾದರೂ ಸರಿ, ಶೇಕಡ 15ರ ಸವಕಳಿಗೆ ಅರ್ಹ. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅರ್ಧ. ಆದರೆ ಆಸ್ತಿಯ ಖರೀದಿಗೆ ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ, 2017-18ರ ಸಾಲಿನಿಂದ ಆ ಮೊತ್ತ ಆಸ್ತಿಯ ವೆಚ್ಚವೆಂದು ಪರಿಗಣಿತವಾಗುವುದಿಲ್ಲ. ಗೌಡರ 68,000 ರೂಪಾಯಿ ಹೀಗೆ ಸವಕಳಿಯ ಲೆಕ್ಕದಿಂದ ಪೂರ್ತಿ ಹೊರಗುಳಿಯಿತು. ಮೊದಲ ವರ್ಷಕ್ಕೇ 10,200ರ ಕಡಿತ ಕೈತಪ್ಪಿತು. ತಗಡು ಕೆಲಸದ 14,000 ಮತ್ತು ಹೆಡ್ ಕೆಲಸದ 11,500ನ್ನೂ ಒಂದೇ ದಿನ ನಗದಾಗಿ ತೆತ್ತಿದ್ದರಿಂದ ಆ ಖರ್ಚುಗಳೂ ಅಮಾನ್ಯವಾದವು. ಉಳಿದ ವೆಚ್ಚದಲ್ಲಿಯೂ ಮನೆಯ ಬಳಕೆಯ ಪಾಲನ್ನು, ಅಂದರೆ ಮದುವೆ, ಜಾತ್ರೆಗಳ ಓಡಾಟವನ್ನು, ಬಿಟ್ಟೇ ತೋರಿಸಬೇಕು.

ಮಾರುವಾಗ ಸರಕು ಮತ್ತು ಸೇವಾ ತೆರಿಗೆಯ ಪ್ರಶ್ನೆ ಬರುತ್ತದೆ. ನೋಂದಾಯಿತ ವರ್ತಕರು ವ್ಯಾಪಾರದ ಕಾರನ್ನು ಮಾರಿದರೆ ಅದೂ ಒಂದು ಪೂರೈಕೆಯೇ. 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಮಂಡಳಿಯ ತೀರ್ಮಾನದಂತೆ 2025ರ ಜನವರಿಯಿಂದ ಎಲ್ಲ ಹಳೆಯ ವಾಹನಗಳಿಗೂ ದರ ಶೇಕಡ 18. ಸಣ್ಣ ಕಾರುಗಳಿಗೆ ಮೊದಲು 12 ಇತ್ತು. ಆಗ ಎದ್ದ ಗದ್ದಲದಲ್ಲಿ ಅನೇಕರು ಪೂರ್ಣ ಮಾರಾಟ ಬೆಲೆಯ ಮೇಲೆ ತೆರಿಗೆಯೆಂದು ಭಾವಿಸಿದರು. ಹಾಗಲ್ಲ, ಲಾಭಾಂಶದ ಮೇಲೆ ಮಾತ್ರ. ಸವಕಳಿ ಪಡೆದಿದ್ದರೆ, ಸವಕಳಿ ಕಳೆದುಳಿದ ಮೌಲ್ಯಕ್ಕಿಂತ ಎಷ್ಟು ಹೆಚ್ಚಿಗೆ ಮಾರಿದರೋ ಅಷ್ಟರ ಮೇಲೆ. ಗೌಡರು ಚೆಕ್ಕಿನ ಮೂಲಕ ಕೊಂಡು ಸವಕಳಿ ಪಡೆದಿದ್ದರೆ ಮೂರು ಸಾಲುಗಳ ನಂತರ ಕಾರಿನ ಮೌಲ್ಯ ಸುಮಾರು ರೂ. 41,760 ಇರುತ್ತಿತ್ತು, 45,000ಕ್ಕೆ ಮಾರಿದಾಗ ಅಂತರ 3,240, ತೆರಿಗೆ ರೂ. 583. ಅಂತರ ಋಣಾತ್ಮಕವಾದರೆ ತೆರಿಗೆಯಿಲ್ಲ. ನೋಂದಣಿಯಿಲ್ಲದ ವ್ಯಕ್ತಿ ತನ್ನ ಮನೆಯ ಕಾರನ್ನು ಮಾರಿದರೂ ಇಲ್ಲ. ಮತ್ತೊಂದು ಮಾತು: ಸವಾರಿ ಕಾರಿನ ಖರೀದಿ, ರಿಪೇರಿ, ವಿಮೆಗಳ ಮೇಲೆ ತೆತ್ತ ತೆರಿಗೆಯ ಜಮೆಯನ್ನು ಸಾಮಾನ್ಯ ವರ್ತಕರು ಪಡೆಯುವಂತಿಲ್ಲ. ಪಡೆದು ಸಿಕ್ಕಿಹಾಕಿಕೊಂಡವರು ನನ್ನ ಕಡತಗಳಲ್ಲಿದ್ದಾರೆ.

2025ರ ಜುಲೈಯಲ್ಲಿ 800 ಕಾರನ್ನು ಮಾರುವ ದಿನ ಗೌಡರು ಕೊಳ್ಳುವವರನ್ನು ತಾವೇ ಕೂರಿಸಿಕೊಂಡು ಸಾರಿಗೆ ಕಚೇರಿಗೆ ಹೋದರು. ತಿಪಟೂರು ಕಡೆಯ ಯುವಕ. ತಗಡಿನ ಬೆಸುಗೆ, ಇಲಿ ಕಡಿದ ವೈರು ಎಲ್ಲವನ್ನೂ ಅವನಿಗೆ ಪುಸ್ತಕ ತೆರೆದು ತೋರಿಸಿದರಂತೆ. "ಸುಳ್ಳು ಹೇಳಿ ಐದು ಸಾವಿರ ಹೆಚ್ಚಿಗೆ ಕೇಳಬಹುದಿತ್ತು, ಆಡಿಟರೇ. ಆದರೆ ಪುಸ್ತಕ ನೋಡಿದ ಮೇಲೆ ಅವನು ಚೌಕಾಸಿಯೇ ಮಾಡಲಿಲ್ಲ" ಎಂದರು. ಅಕ್ಟೋಬರಿನಲ್ಲಿ ಅವರ ಅಂಗಳಕ್ಕೆ 2016ರ ವ್ಯಾಗನ್ ಆರ್ ಬಂದಿದೆ. ಟೈಮಿಂಗ್ ಬೆಲ್ಟಿಗೆ ಬದಲು ಚೈನು ಇರುವ ಎಂಜಿನ್, ನೋಂದಣಿ 2031ರವರೆಗೆ ಊರ್ಜಿತ. ಹೊಸ ಪುಸ್ತಕವೊಂದನ್ನು ತಂದು ಮೊದಲ ಪುಟವನ್ನು ನನಗೆ ತೋರಿಸಿದರು. ಮೊದಲ ಸಾಲು: ಕಾರಿನ ಬೆಲೆ ರೂ. 2,60,000, ಬ್ಯಾಂಕ್ ಮೂಲಕ. ಎರಡನೆಯ ಸಾಲು: ಹೆಸರು ವರ್ಗಾವಣೆ. ಮೂರನೆಯ ಸಾಲು: ಕೂಲಂಟ್, ರೂ. 640.